ಎಡಗಡೆಯ ಕನ್ನಡಿ

ಮಳೆಗಾಲದಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಹಳ್ಳಿರಸ್ತೆಗಳಲ್ಲಿ ಓಡಾಡಿದವರಿಗೆ ಆ ಹಸಿರು ಸುರಂಗ ಗೊತ್ತಿರುತ್ತದೆ. ಬಿದಿರು, ಗೇರು, ಗೊಬ್ಬರದ ಗಿಡ ಎರಡೂ ಬದಿಯಿಂದ ಬಾಗಿ ರಸ್ತೆಯನ್ನು ಮುಚ್ಚಿರುತ್ತವೆ. ಆದರೆ ಆ ಸುರಂಗ ದುಂಡಗಿರುವುದಿಲ್ಲ. ಲಾರಿಯನ್ನು ಅಚ್ಚಿಗೆ ಹಾಕಿ ತೆಗೆದಂತೆ ಚೌಕವಾಗಿರುತ್ತದೆ. ದಿನವೂ ಹಾದುಹೋಗುವ ಬಸ್ಸು, ಲಾರಿಗಳೇ ಎಲೆಗಳನ್ನು ಸವರಿ ಸವರಿ ಹಾಗೆ ಕೊರೆದಿರುತ್ತವೆ. ಹಾಗೆ ಕೊರೆಯುವಾಗ ಮೊದಲ ಪೆಟ್ಟು ತಿನ್ನುವುದು ಗಾಡಿಯ ಪಕ್ಕದ ಕನ್ನಡಿ.

ನಾನು ಫೋಂಡಾದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಸೋದರಮಾವ ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವೆಗೆ ಲಾರಿಯಲ್ಲಿ ತರಕಾರಿ ತರುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ದಿನ ಅವರ ಜೊತೆ ಸಾಂಖಳಿಯವರೆಗೆ ಕೂತು ಬಂದೆ. ಒಂದು ಒಳರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂತು. ಮಾಮಾ ಸೈಡ್ ಕೊಟ್ಟರು. ಎಡಗಡೆ ಬಿದಿರು ಸರಕ್ಕನೆ ಸವರಿದ ಸದ್ದಾಯಿತು. ಕನ್ನಡಿ ಒಡೆದಿರಲಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಕಿಲೋಮೀಟರ್ ಆದ ಮೇಲೆ ಮಾಮಾ ಎಡಕ್ಕೆ ತಿರುಗಿಸಲು ಹೊರಟಾಗ ಕ್ಲೀನರ್ ಹುಡುಗ ಬಾಗಿಲು ಬಡಿದು ಕೂಗಿದ. ಪಕ್ಕದಲ್ಲೇ ಒಬ್ಬ ಹೆಣ್ಣುಮಗಳು ಸ್ಕೂಟರಿನ ಮೇಲಿದ್ದಳು, ಹಿಂದೆ ಮಗು ಕೂತಿತ್ತು. ಕನ್ನಡಿಯಲ್ಲಿ ಅವರಿಬ್ಬರೂ ಇರಲೇ ಇಲ್ಲ, ಬರೀ ಬೇಲಿ ಕಾಣುತ್ತಿತ್ತು.

ಗಾಡಿ ನಿಲ್ಲಿಸಿ ಮಾಮಾ ಬಹಳ ಹೊತ್ತು ಸ್ಟೇರಿಂಗ್ ಹಿಡಿದುಕೊಂಡೇ ಕೂತರು. ಆಮೇಲೆ ಹೇಳಿದರು: "ಕನ್ನಡಿ ಒಡದ್ರ ಗೊತ್ತಾಗ್ತದ ಅಳಿಯಾ. ತಿರುಗಿದ್ರ ಗೊತ್ತಾಗೂದಿಲ್ಲ."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಇಕ್ಕಟ್ಟಿನ ರಸ್ತೆಯಲ್ಲಿ ಕನ್ನಡಿ ಕಾಪಾಡುವುದೆಂದರೆ ಗಾಜು ಒಡೆಯದಂತೆ ನೋಡಿಕೊಳ್ಳುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಗಾಜಿಗೆ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಕಾಪಾಡಬೇಕಾದದ್ದು ಕನ್ನಡಿಯ ಕೋನವನ್ನು.

ಕನ್ನಡಿ ಎಷ್ಟು ತಿರುಗುತ್ತದೋ ಅದರಿಂದ ಹೊರಡುವ ಬೆಳಕು ಅದರ ಎರಡರಷ್ಟು ತಿರುಗುತ್ತದೆ. ಇದು ಹೈಸ್ಕೂಲಿನ ಪಾಠ. 20 ಸೆಂಟಿಮೀಟರ್ ಅಗಲದ ಕನ್ನಡಿಯ ಅಂಚು ಅರ್ಧ ಸೆಂಟಿಮೀಟರ್ ಒಳಗೋ ಹೊರಗೋ ಸರಿದರೆ ಕನ್ನಡಿ ಸುಮಾರು 3 ಡಿಗ್ರಿ ತಿರುಗಿದಂತಾಯಿತು, ನೋಟ 6 ಡಿಗ್ರಿ ತಿರುಗಿತು. 20 ಮೀಟರ್ ಹಿಂದೆ ಅದು 2 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಒಂದು ಸ್ಕೂಟರ್ ಪೂರಾ ಮರೆಯಾಗಲು ಅಷ್ಟು ಧಾರಾಳ ಸಾಕು. ಅರ್ಧ ಸೆಂಟಿಮೀಟರ್ ಸರಿದದ್ದು ಚಾಲಕನ ಸೀಟಿನಿಂದ ಕಣ್ಣಿಗೆ ಬೀಳುವುದಿಲ್ಲ.

ಅದರಲ್ಲೂ ಎಡಗಡೆಯ ಕನ್ನಡಿ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ, ಗಾಡಿ ರಸ್ತೆಯ ಎಡಕ್ಕೆ ಓಡುತ್ತದೆ. ಹಾಗಾಗಿ ಬೇಲಿಗೆ ತಾಗುವುದು ಕ್ಲೀನರ್ ಸೈಡಿನ ಕನ್ನಡಿ. ಚಾಲಕನಿಗೆ ಅತಿ ದೂರದ್ದೂ ಅದೇ, ಅವನ ಕಣ್ಣಿಗೆ ನೇರ ಬೀಳದ ಜಾಗವನ್ನು ತೋರಿಸಬೇಕಾದದ್ದೂ ಅದೇ. ಲಾರಿಯ ಕನ್ನಡಿಗಳು ಉಬ್ಬಿದ ಪೀನ ದರ್ಪಣಗಳು. ಹೆಚ್ಚು ಜಾಗ ತೋರಿಸಲು ಅವು ಎಲ್ಲವನ್ನೂ ಚಿಕ್ಕದು ಮಾಡುತ್ತವೆ. ವಿಶ್ವಸಂಸ್ಥೆಯ 46ನೇ ವಾಹನ ನಿಯಮಾವಳಿ ಮುಖ್ಯ ಕನ್ನಡಿಯ ವಕ್ರತಾ ತ್ರಿಜ್ಯ (ಇದು ಕಡಿಮೆಯಾದಷ್ಟೂ ಉಬ್ಬು ಹೆಚ್ಚು) 1200 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಆ ಅಳತೆಯನ್ನೇ ಇಟ್ಟುಕೊಂಡು ನಾನು ಲೆಕ್ಕ ಹಾಕಿ ನೋಡಿದೆ. ಕನ್ನಡಿಯಿಂದ 20 ಮೀಟರ್ ಹಿಂದೆ ಸ್ಕೂಟರ್ ಸವಾರ ಇದ್ದಾನೆ ಎನ್ನೋಣ. ಬಲಗಡೆಯ ಕನ್ನಡಿ ಚಾಲಕನ ಕಣ್ಣಿನಿಂದ ಸುಮಾರು 80 ಸೆಂಟಿಮೀಟರ್ ದೂರ. ಅದರಲ್ಲಿ ಸವಾರ 47 ಮೀಟರ್ ಆಚೆ ಇರುವವನಷ್ಟು ಚಿಕ್ಕದಾಗಿ ಕಾಣುತ್ತಾನೆ. ಎಡಗಡೆಯದು ಕ್ಯಾಬಿನ್ನಿನ ಆಚೆ ತುದಿಯಲ್ಲಿ, 2 ಮೀಟರ್ ದೂರ. ಅದರಲ್ಲಿ ಅದೇ ಸವಾರ 89 ಮೀಟರ್ ಆಚೆ ಇದ್ದಂತೆ ಕಾಣುತ್ತಾನೆ! ಸರಿಯಾಗಿ ನಿಂತ ಕನ್ನಡಿಯೇ ಇಷ್ಟು ಕಷ್ಟಪಟ್ಟು ತೋರಿಸುವಾಗ, ತಿರುಗಿದ ಕನ್ನಡಿಯ ಮಾತೇನು?

ಇನ್ನು ರಸ್ತೆಯ ಅಗಲ. ಒಂದೇ ಸಾಲಿನ ರಸ್ತೆಗೆ ನಮ್ಮ ದೇಶದ ಮಾನಕ ಅಳತೆ 3.75 ಮೀಟರ್, ಎಷ್ಟೋ ಹಳ್ಳಿರಸ್ತೆಗಳು 3 ಮೀಟರ್ ಮಾತ್ರ. ಲಾರಿಯ ಅಗಲ 2.6 ಮೀಟರ್ ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ, ಆದರೆ ಆ ಅಳತೆಯಲ್ಲಿ ಕನ್ನಡಿ ಲೆಕ್ಕಕ್ಕಿಲ್ಲ. ಎರಡೂ ಕಡೆ 20 ಸೆಂಟಿಮೀಟರ್ ಚಾಚಿದರೆ ಗಾಡಿ ನಿಜವಾಗಿ 3 ಮೀಟರ್ ಅಗಲ. ಎದುರಿಗೆ ಒಂದು ಕಾರು ಬಂದರೂ ಸಾಕು, ಎಡಗಡೆಯ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಲೇಬೇಕು. ಇಳಿದಾಗ ಇನ್ನೊಂದು ಆಗುತ್ತದೆ. ಎಡಚಕ್ರ 10 ಸೆಂಟಿಮೀಟರ್ ತಗ್ಗಿದರೆ ಗಾಡಿ ಸುಮಾರು 3 ಡಿಗ್ರಿ ವಾಲುತ್ತದೆ. ನೆಲದಿಂದ 2 ಮೀಟರಿಗೂ ಮೇಲಿರುವ ಕನ್ನಡಿ ಅಷ್ಟರಿಂದಲೇ ಇನ್ನೂ 10–11 ಸೆಂಟಿಮೀಟರ್ ಬೇಲಿಯ ಕಡೆ ಬಾಗುತ್ತದೆ. ಗುಂಡಿಯಲ್ಲಿ ಕುಲುಕಿದರೆ ಮತ್ತಷ್ಟು. "ಜಾಗ ಇತ್ತು, ಹ್ಯಾಂಗ ಬಡೀತೋ ಏನೋ" ಎಂದು ಚಾಲಕರು ಅನ್ನುವುದರಲ್ಲಿ ಸುಳ್ಳಿಲ್ಲ. ಚಕ್ರ ಡಾಂಬರಿನ ಮೇಲಿದ್ದಾಗ ಜಾಗ ಇದ್ದದ್ದು ನಿಜ.

ಗಿಡಗಳು ರಸ್ತೆಯ ಕಡೆಗೇ ಏಕೆ ಬಾಗುತ್ತವೆ? ದಟ್ಟ ಹಸಿರಿನ ನಡುವೆ ರಸ್ತೆಯೆಂದರೆ ಬೆಳಕಿನ ಸೀಳು. ಎಳೆಯ ಚಿಗುರಿನ ತುದಿಯೇ ಬೆಳಕಿನ ದಿಕ್ಕನ್ನು ಗುರುತಿಸುತ್ತದೆ, ಬಾಗುವುದು ಅದರ ಕೆಳಗಿನ ಭಾಗ ಎಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ್ದರು. ಆಕ್ಸಿನ್ ಎಂಬ ಬೆಳವಣಿಗೆಯ ರಸ ನೆರಳಿನ ಬದಿಗೆ ಹೆಚ್ಚು ಸೇರುತ್ತದೆ, ಆ ಬದಿಯ ಕೋಶಗಳು ಉದ್ದವಾಗುತ್ತವೆ, ಚಿಗುರು ಬೆಳಕಿನತ್ತ ವಾಲುತ್ತದೆ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಳೆಗೆ ಎದ್ದ ಬಿದಿರಿನ ಕಳಲೆ ಅದೇ ಮಳೆಗಾಲದೊಳಗೆ ಪೂರಾ ಎತ್ತರಕ್ಕೆ ಬೆಳೆದುಬಿಡುತ್ತದೆ. ಮಳೆ ಹಿಡಿದಾಗ ಎಲೆಯ ಮೇಲಿನ ನೀರಿನ ಭಾರಕ್ಕೆ ಕೊಂಬೆ ಇನ್ನೂ ಜೋತುಬೀಳುತ್ತದೆ. ಬೆಳಿಗ್ಗೆ ಹೋಗುವಾಗ ತಾಗದ ಬಿದಿರು ಸಂಜೆ ಬರುವಾಗ ತಾಗುವುದು ಹೀಗೆ.

ಎಲೆ ತುಂಬಿದ ಉದ್ದ ಕೊಂಬೆ ನೋಡಲು ಭಯ ಹುಟ್ಟಿಸಿದರೂ ಅಷ್ಟು ಅಪಾಯದ್ದಲ್ಲ. ಅಪಾಯದ್ದು ಕಡಿದು ಬಿಟ್ಟ ಮೋಟು. ಒಂದು ತುದಿ ಕಾಂಡಕ್ಕೆ ಅಂಟಿರುವ ಕೋಲಿನ ಬಿಗಿ ಅದರ ಉದ್ದದ ಘನಕ್ಕೆ ವಿಲೋಮವಾಗಿರುತ್ತದೆ. ಉದ್ದ ಅರ್ಧವಾದರೆ ಬಿಗಿ 8 ಪಟ್ಟು, ಐದನೇ ಒಂದು ಭಾಗವಾದರೆ 125 ಪಟ್ಟು. 3 ಸೆಂಟಿಮೀಟರ್ ದಪ್ಪದ, ಒಂದೂವರೆ ಮೀಟರ್ ಉದ್ದದ ಹಸಿ ಕೊಂಬೆಯ ತುದಿಯನ್ನು 20 ಸೆಂಟಿಮೀಟರ್ ಬಾಗಿಸಲು ಸುಮಾರು 6 ಕೆಜಿ ಭಾರದಷ್ಟು ಒತ್ತಡ ಸಾಕು. ಅದೇ ಕೊಂಬೆಯನ್ನು 30 ಸೆಂಟಿಮೀಟರಿಗೆ ಕಡಿದು ಬಿಟ್ಟರೆ, ಬರೀ 2 ಸೆಂಟಿಮೀಟರ್ ಬಾಗಿಸಲು 70 ಕೆಜಿಯಷ್ಟು ಬೇಕು. ಕೊಂಬೆ ಕನ್ನಡಿಯನ್ನು ಸವರಿದರೆ ಮೋಟು ಅದನ್ನು ಗುದ್ದುತ್ತದೆ.

ಮೇ ತಿಂಗಳಲ್ಲಿ ರಸ್ತೆ ಬದಿ ಸವರಲು ಬರುವವರು ಕೈಗೆ ಸಿಕ್ಕಲ್ಲಿ ಕತ್ತಿ ಹಾಕಿ ಮುಂದೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ, ಎಲ್ಲಿ ಕಡಿಯಬೇಕೆಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಬಳೆಯಂತೆ ಉಬ್ಬಿರುತ್ತದೆ. ಆ ಬಳೆಗೆ ಗಾಯ ಮಾಡದೆ, ಅದರ ಹೊರಗೆ ಒತ್ತಿ ಕಡಿಯಬೇಕು. ಸಾವಿರಾರು ಮರಗಳನ್ನು ಸೀಳಿ ಒಳಗಿನ ಗಾಯಗಳನ್ನು ಅಭ್ಯಾಸ ಮಾಡಿದ ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಇದನ್ನೇ ಜೀವಮಾನವಿಡೀ ಹೇಳಿದರು. ಹಾಗೆ ಕಡಿದರೆ ಮರ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೋಟು ಬಿಟ್ಟರೆ ಅದು ಕೊಳೆಯುತ್ತದೆ, ಇಲ್ಲವೇ ತುದಿ ಹೋದ ಕೊಂಬೆಯ ಪಕ್ಕದ ಮೊಗ್ಗುಗಳೆಲ್ಲ ಒಟ್ಟಿಗೆ ಒಡೆದು ಮುಂದಿನ ವರ್ಷ ಪೊದೆ ಇನ್ನೂ ದಟ್ಟವಾಗುತ್ತದೆ. ಸರಿಯಾಗಿ ಕಡಿಯುವುದರಲ್ಲಿ ಮರಕ್ಕೂ ಒಳಿತು, ಕನ್ನಡಿಗೂ ಒಳಿತು.

ಗಾಡಿಯ ಕಡೆಯಿಂದ ಏನು ಮಾಡಬಹುದು? ಮೊದಲು ನೆನಪಾಗುವುದು ಕನ್ನಡಿಯ ಮುಂದೆ ಕಬ್ಬಿಣದ ಪೈಪು ಬಾಗಿಸಿ ಬೆಸುಗೆ ಹಾಕಿಸುವುದು. ನಾನು ಇದನ್ನು ಒಪ್ಪುವುದಿಲ್ಲ. ಪೈಪು ಬಾಗದಿದ್ದರೆ ಪೆಟ್ಟು ಮಾಯವಾಗುವುದಿಲ್ಲ, ಬ್ರಾಕೆಟ್ಟಿಗೂ ಬಾಗಿಲಿನ ತಗಡಿಗೂ ಹೋಗುತ್ತದೆ. ರಸ್ತೆ ಬದಿಯ ದಿಬ್ಬದ ಮೇಲೆ ನಿಂತವರ ತಲೆಗೆ ತಾಗಿದರಂತೂ ಕೇಳುವುದೇ ಬೇಡ. ವಾಹನಗಳ ಮುಂದೆ ಹಾಕಿಸುತ್ತಿದ್ದ ಕಬ್ಬಿಣದ ಗಾರ್ಡುಗಳಿಂದ ಪಾದಚಾರಿಗಳಿಗೆ ಅಪಾಯ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಅವುಗಳ ಮೇಲೆ ಕ್ರಮ ಕೈಗೊಳ್ಳಲು ಹೇಳಿತ್ತು. ಕನ್ನಡಿಯ ಮುಂದಿನ ಪೈಪಿಗೂ ಆ ಕಾರಣ ಸಲ್ಲುತ್ತದೆ.

ಕನ್ನಡಿ ಗಟ್ಟಿ ಇರಬೇಕಾಗಿಲ್ಲ, ಮಣಿಯಬೇಕು, ಮಣಿದು ಮತ್ತೆ ಮೊದಲಿನ ಜಾಗಕ್ಕೇ ಬರಬೇಕು. ಆಗಲೇ ಹೇಳಿದ 46ನೇ ನಿಯಮಾವಳಿಯಲ್ಲಿ ಒಂದು ಲೋಲಕ ಪರೀಕ್ಷೆ ಇದೆ. ರಬ್ಬರು ಹೊದಿಸಿದ ಗುಂಡು, ಪೆಟ್ಟಿನ ಲೆಕ್ಕಕ್ಕೆ 6.8 ಕೆಜಿ. ಅದನ್ನು 1 ಮೀಟರ್ ಉದ್ದದ ತೋಳಿಗೆ ಕಟ್ಟಿ, 60 ಡಿಗ್ರಿ ಎತ್ತಿ ಕನ್ನಡಿಯ ಮೇಲೆ ಬಿಡುತ್ತಾರೆ. ಬಡಿದ ಮೇಲೂ ಗುಂಡು ಕನಿಷ್ಠ 20 ಡಿಗ್ರಿ ಮುಂದಕ್ಕೆ ತೂಗಬೇಕು. ಅಂದರೆ ಕನ್ನಡಿ ದಾರಿ ಬಿಡಬೇಕು, ಅಡ್ಡ ನಿಂತರೆ ನಪಾಸು. ಎತ್ತರದಲ್ಲಿ ಕೂರಿಸುವ ಕನ್ನಡಿಗಳಿಗೆ ಇದರಿಂದ ವಿನಾಯಿತಿ ಇದೆ, ಆದರೂ ತತ್ತ್ವ ಅದೇ. ಆ ಗುಂಡಿನ ಪೆಟ್ಟಿನ ಶಕ್ತಿ ಸುಮಾರು 33 ಜೂಲ್. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅರ್ಧ ಕೆಜಿ ತೂಕದ ಕೊಂಬೆತುದಿಗೆ ತಾಗಿದರೆ 31 ಜೂಲ್. ಎರಡೂ ಹೆಚ್ಚುಕಡಿಮೆ ಒಂದೇ. ವೇಗವನ್ನು 20ಕ್ಕೆ ಇಳಿಸಿದರೆ 8 ಜೂಲಿಗೂ ಕಡಿಮೆ, ಕಾಲುಭಾಗ. ಇದಕ್ಕೆ ಪೈಸೆ ಖರ್ಚಿಲ್ಲ.

ಕನ್ನಡಿಯ ಹೊರಕವಚದ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಚಪ್ಪಟೆ ಬೆನ್ನಿನ ಹಳೆಯ ಕನ್ನಡಿಗೆ ಕೊಂಬೆ ನೇರ ಬಡಿಯುತ್ತದೆ. ಕವಚ ಗಾಡಿ ಓಡುವ ದಿಕ್ಕಿಗೆ ಬರೀ 30 ಡಿಗ್ರಿ ಕೋನದಲ್ಲಿ ಓರೆಯಾಗಿದ್ದರೆ ಗುದ್ದುವ ದಿಕ್ಕಿನ ವೇಗ ಅರ್ಧ, ಶಕ್ತಿ ಕಾಲುಭಾಗ, ಮಿಕ್ಕದ್ದು ಜಾರಿಹೋಗುತ್ತದೆ. ಕಾಡುದಾರಿಯ ಜೀಪುಗಳಿಗೆ ಮುಂತುದಿಯಿಂದ ಚಾವಣಿಯ ಅಂಚಿಗೆ ಓರೆಯಾಗಿ ಉಕ್ಕಿನ ತಂತಿ ಬಿಗಿಯುವುದೂ ಇದಕ್ಕೇ. ಕನ್ನಡಿಯ ಬದಲು ಕ್ಯಾಮೆರಾ ಇರುವ ಲಾರಿಗಳೂ ಬಂದಿವೆ, 2018ರಲ್ಲಿ ಮರ್ಸಿಡಿಸ್ ತನ್ನ ಆಕ್ಟ್ರೋಸ್ ಲಾರಿಯಲ್ಲಿ ತೋರಿಸಿತು. ನಮ್ಮ ತರಕಾರಿ ಲಾರಿಗಳಿಗೆ ಅದು ಸದ್ಯಕ್ಕೆ ದೂರದ ಮಾತು.

ಹತ್ತಿರದ ಮಾತೆಂದರೆ ಕನ್ನಡಿಯನ್ನು ಹಿಡಿದಿರುವ ತೋಳಿನ ಕೀಲು. ಸ್ಪ್ರಿಂಗು ಕೀಲನ್ನು ಅದರ ಕಚ್ಚಿನಲ್ಲಿ ಒತ್ತಿ ಹಿಡಿದಿರುತ್ತದೆ, ಪೆಟ್ಟು ಬಿದ್ದಾಗ ಕಚ್ಚು ತಪ್ಪಿ ತೋಳು ಮಡಚುತ್ತದೆ. ಗೋವೆಯ ಉಪ್ಪುಗಾಳಿಗೆ, ನಾಲ್ಕು ತಿಂಗಳ ತೇವಕ್ಕೆ ಈ ಕೀಲು ತುಕ್ಕು ಹಿಡಿದು ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಅದು ಕೀಲಲ್ಲ, ಸರಳು. ಜೂನಿಗೆ ಮೊದಲೇ ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿ, ಕೈಯಿಂದ ಮಡಚಿ ನೋಡಬೇಕು. ಹಳೆಯ ಟ್ಯೂಬಿನ ಪಟ್ಟಿಯಿಂದ ತೋಳನ್ನು ಎಳೆದು ಕಟ್ಟುವುದು ನಮ್ಮ ಚಾಲಕರ ಹಳೆಯ ಉಪಾಯ, ಒಳ್ಳೆಯ ಉಪಾಯವೂ ಹೌದು. ರಬ್ಬರು ಹಿಗ್ಗಿ ಕುಗ್ಗುವಾಗ ಪೆಟ್ಟಿನ ಒಂದು ಪಾಲು ಅದರೊಳಗೇ ಶಾಖವಾಗಿ ಕರಗುತ್ತದೆ, ತೋಳು ಮತ್ತೆ ಮತ್ತೆ ಅದುರುವುದಿಲ್ಲ. ಆದರೆ ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆ, ಸಡಿಲಾದ ಪಟ್ಟಿ ಕನ್ನಡಿಯನ್ನು ಸರಿಯಾದ ಜಾಗಕ್ಕೆ ತರುವುದಿಲ್ಲ. ನಟ್ಟು ಸಡಿಲಾಗಿರುವ ಸುಳಿವನ್ನು ಎಂಜಿನ್ನೇ ಕೊಡುತ್ತದೆ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ನಿಂತು ಗುರುಗುಟ್ಟುವಾಗ ಸೆಕೆಂಡಿಗೆ 30 ಸಲ ಉರಿಯುತ್ತದೆ. ಸಡಿಲಾದ ತೋಳಿನ ಸಹಜ ಕಂಪನ ಇಳಿದು ಅದರ ಹತ್ತಿರ ಬಂದರೆ, ಗಾಡಿ ನಿಂತಲ್ಲೇ ಕನ್ನಡಿಯ ಚಿತ್ರ ಮಸುಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕನ್ನಡಿ ತಿರುಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂಬ ಮಾಮಾನ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೊಂದು ಸುಲಭದ ದಾರಿ ಹೊಳೆಯಿತು. ಒಂದು ಭಾನುವಾರ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮಾಮಾನನ್ನು ಸೀಟಿನಲ್ಲಿ ಕೂರಿಸಿ, ಕ್ಲೀನರ್ ಹುಡುಗನನ್ನು 20 ಮೀಟರ್ ಹಿಂದೆ ಎಡಕ್ಕೆ ನಿಲ್ಲಿಸಿದೆ. ಅವನು ಕನ್ನಡಿಯಲ್ಲಿ ಸರಿಯಾಗಿ ಕಂಡಾಗ ನಟ್ಟು ಬಿಗಿದು, ಕೀಲಿನ ಎರಡೂ ಭಾಗಗಳ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ತೋಳು ಮಡಚುವ ಕೀಲಿಗೊಂದು, ಕನ್ನಡಿ ತಿರುಗುವ ಕೀಲಿಗೊಂದು. ಗೆರೆ ತುಂಡಾಗಿ ಕಂಡರೆ ಕನ್ನಡಿ ಸರಿದಿದೆ ಎಂದರ್ಥ. ಮತ್ತೆ ಜೋಡಿಸಿದರೆ ಮೊದಲಿನ ಕೋನ ಸಿಗುತ್ತದೆ.

"ರಾತ್ರಿ ಕಾಣೂದಿಲ್ಲ, ದಪ್ಪ ಎಳೀರಿ ಸರ" ಎಂದ ಹುಡುಗ. ಎರಡನೇ ಸಲ ಬಣ್ಣ ಬಳಿದೆ. ಈಗ ಘಾಟು ಇಳಿದು ಕೇರಿ ಎಂಬ ಊರಿನ ಹತ್ತಿರ ಚಹಾಕ್ಕೆ ನಿಂತಾಗ ಅವನು ಮೊದಲು ಎಡಗಡೆಗೆ ಹೋಗಿ, ಮೊಬೈಲ್ ಟಾರ್ಚ್ ಹಾಕಿ ಆ ಎರಡು ಗೆರೆ ನೋಡಿ, ಆಮೇಲೆ ಚಹಾ ಕುಡಿಯುತ್ತಾನಂತೆ.