ಓಡುವ ಕೆಂಪು ದೀಪ, ಸೋಮಾರಿ ತಂತಿ

ಆಗಸ್ಟ್ ಬಂದರೆ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ನಮ್ಮ ಕಡೆಯ ತೇರುಬೀದಿಯ ಹಾಗಾಗುತ್ತದೆ. ಜನ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹಳೇ ಕಾರುಗಳು ಒಂದರ ಹಿಂದೆ ಒಂದು ಸಾಗುತ್ತವೆ. ನಾನು ಅಲ್ಲಿ ಕಾಯುವುದು 1965ರ ಫೋರ್ಡ್ ಥಂಡರ್‌ಬರ್ಡ್‌ಗೆ. ಅದರ ಮುಖಕ್ಕಲ್ಲ, ಬೆನ್ನಿಗೆ. ತಿರುವಿನಲ್ಲಿ ಅದರ ಇಂಡಿಕೇಟರ್ ಬರೀ ಮಿಣುಕುವುದಿಲ್ಲ. ಮೊದಲು ಒಳಗಿನ ಬಲ್ಬು, ಆಮೇಲೆ ನಡುವಿನದು, ಆಮೇಲೆ ಹೊರಗಿನದು ಹೊತ್ತಿಕೊಂಡು, ಮೂರೂ ಒಟ್ಟಿಗೆ ಆರುತ್ತವೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ಓಡಿದ ಹಾಗೆ.

ನಮ್ಮ ಬೀದಿಯ ಒಬ್ಬ ಅಜ್ಜನ ಹತ್ತಿರ ಈ ಕಾರಿದೆ. ಹಿಂದಿನ ಬಲ್ಬು ತೆಗೆದು ಎಲ್‌ಇಡಿ ಹಾಕಿಸಲಾ ಅಂತ ಹೋದ ವರ್ಷ ಕೇಳಿದರು. ಎಲ್ಲರೂ ಹಾಕಿಸು ಅಂದಿದ್ದರಂತೆ. ಬೆಳಕು ಜಾಸ್ತಿ, ಕರೆಂಟು ಕಮ್ಮಿ, ಇನ್ನೇನು ಯೋಚನೆ ಅಲ್ವಾ? ನನಗೆ ಸಿಟ್ಟು ಬರುವುದು ಈ 'ಇನ್ನೇನು ಯೋಚನೆ'ಗೇ.

ಈ ಓಡುವ ದೀಪವನ್ನು ಫೋರ್ಡ್ 1964ರಲ್ಲೇ ತರಬೇಕೆಂದಿತ್ತು. ಕೆಲವು ರಾಜ್ಯಗಳ ದೀಪದ ಕಾನೂನು ಅಡ್ಡ ಬಂದು ಒಂದು ವರ್ಷ ತಡವಾಯಿತು. ಆಗ ಕಾರಿನಲ್ಲಿ ಚಿಪ್ಪು ಗಿಪ್ಪು ಏನೂ ಇಲ್ಲ. ಡಿಕ್ಕಿಯಲ್ಲಿ ಒಂದು ಪುಟ್ಟ ಮೋಟಾರು ಕೂತು, ಗೇರುಗಳ ಮೂಲಕ ಮೂರು ಕ್ಯಾಮ್‌ಗಳನ್ನು, ಅಂದರೆ ಅಂಚಿನಲ್ಲಿ ಉಬ್ಬಿರುವ ಬಿಲ್ಲೆಗಳನ್ನು, ನಿಧಾನಕ್ಕೆ ತಿರುಗಿಸುತ್ತಿತ್ತು. ಪ್ರತಿ ಕ್ಯಾಮಿನ ಉಬ್ಬು ತನ್ನ ಸ್ವಿಚ್ಚನ್ನು ಒತ್ತುತ್ತಿತ್ತು. ಹಳ್ಳಿಯ ಗಾಣಕ್ಕೂ ಇದಕ್ಕೂ ಬುದ್ಧಿಯಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ. 1968ರ ಶೆಲ್ಬಿ ಮಸ್ಟಾಂಗ್ ಇದೇ ದೀಪಗಳನ್ನು ಕಡ ತೆಗೆದುಕೊಂಡಿತು. ಆಮೇಲಿನ ಕಾರುಗಳಲ್ಲಿ ಮೋಟಾರಿನ ಜಾಗಕ್ಕೆ ಟ್ರಾನ್ಸಿಸ್ಟರ್‌ಗಳ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು.

ಈಗ ಬಲ್ಬಿನ ವಿಷಯ. ಒಳಗಿರುವುದು ಟಂಗ್‌ಸ್ಟನ್ ತಂತಿ. ಅದು ಬೆಳಗಬೇಕಾದರೆ ಸುಮಾರು 2,500 ಡಿಗ್ರಿ ಕಾಯಬೇಕು. ದೋಸೆ ಕಾವಲಿ ಒಲೆ ಹಚ್ಚಿದ ತಕ್ಷಣ ಕಾಯುತ್ತದೆಯೇ? ಅದರ ಮೈಯೆಲ್ಲ ಬಿಸಿಯಾಗುವ ತನಕ ಹಿಟ್ಟು ಹುಯ್ದರೆ ಅಂಟಿಕೊಳ್ಳುತ್ತದೆ. ಒಲೆ ಆರಿಸಿದ ಮೇಲೂ ಒಂದು ದೋಸೆ ಏಳುವಷ್ಟು ಬಿಸಿ ಉಳಿದಿರುತ್ತದೆ. ತಂತಿಯೂ ಒಂದು ಸಣ್ಣ ಕಾವಲಿ. ಸ್ವಿಚ್ ಒತ್ತಿದ ಮೇಲೆ ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಆರುವಾಗಲೂ ಅಷ್ಟೇ, ಕೆಂಪಗೆ ಮಂಕಾಗುತ್ತಾ ಹೋಗುತ್ತದೆ. ಎಲ್‌ಇಡಿಗೆ ಕಾಯುವ ಕೆಲಸವೇ ಇಲ್ಲ. ಕರೆಂಟು ಹರಿದ ಕೂಡಲೇ ಬೆಳಕು, ನಿಂತ ಕೂಡಲೇ ಕತ್ತಲು. ಒಂದು ಕಾವಲಿ, ಇನ್ನೊಂದು ಚಪ್ಪಾಳೆ.

ಈ ಸೋಮಾರಿತನವೇ ಆ ಓಟದ ಗುಟ್ಟು. ದೀಪ ಎಲ್ಲಿಗೂ ಓಡುವುದಿಲ್ಲ, ಓಡಿಸುವುದು ನಮ್ಮ ತಲೆ. ಇದನ್ನು ಸರಿಯಾಗಿ ಪರೀಕ್ಷಿಸಿ 1912ರಲ್ಲಿ ಬರೆದವರು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತ್‌ಹೈಮರ್. ರೈಲಿನಲ್ಲಿ ಹೋಗುತ್ತಿದ್ದವರು ಹೊಸ ಯೋಚನೆ ಹೊಳೆದು ಫ್ರಾಂಕ್‌ಫರ್ಟ್‌ನಲ್ಲೇ ಇಳಿದು, ಚಿತ್ರ ಓಡಿಸುವ ಮಕ್ಕಳ ಆಟಿಕೆ ಕೊಂಡು ಪ್ರಯೋಗ ಶುರು ಮಾಡಿದರು ಅಂತ ಕಥೆ. ಪಕ್ಕಪಕ್ಕದ ಎರಡು ಗುರುತು ಸರಿಯಾದ ಅಂತರದಲ್ಲಿ ಒಂದಾದ ಮೇಲೊಂದು ಕಂಡರೆ, ಒಂದೇ ವಸ್ತು ಆಚೆಗೆ ಸರಿದಂತೆ ಕಾಣುತ್ತದೆ. ಸಿನಿಮಾ ನಡೆಯುವುದೂ ನಮ್ಮ ತಲೆಯ ಇಂಥ ಉಪಕಾರದಿಂದಲೇ. ಥಂಡರ್‌ಬರ್ಡ್‌ನ ತಂತಿಗಳು ಇದಕ್ಕೆ ಇನ್ನಷ್ಟು ಬೆಣ್ಣೆ ಸವರುತ್ತವೆ. ಪ್ರತಿ ಬಲ್ಬೂ ಮೆಲ್ಲಗೆ ಏರುವುದರಿಂದ ಬೆಳಕು ಹರಿದ ಹಾಗಿರುತ್ತದೆ. ಬರೀ ಎಲ್‌ಇಡಿ ಹಾಕಿದರೆ ಹರಿಯುವುದಿಲ್ಲ, ಮೆಟ್ಟಿಲು ಹತ್ತುತ್ತದೆ.

ಹಾಗಾದರೆ ಹಳೇ ಬಲ್ಬೇ ಸರಿ ಅಂದುಬಿಡಬಹುದಿತ್ತು. ಆದರೆ ಈ ಕಾರಿನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ತಂತಿ. ಇಂಡಿಕೇಟರಿನಲ್ಲಿ ಚೆಂದ ಕಂಡ ಸೋಮಾರಿತನ ಬ್ರೇಕಿನಲ್ಲಿ ತೊಂದರೆ. ಹಿಂದಿನ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ 0.2 ಸೆಕೆಂಡಿನಲ್ಲಿ ಸುಮಾರು 5.5 ಮೀಟರ್ ಮುಂದೆ ಬಂದಿರುತ್ತದೆ. ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ!

ಇನ್ನು ಬೆಳಕಿನ ಮಾತು. ಹಳೇ ಬಲ್ಬು ಮಂಕು ಅನ್ನುವವರು ಒಮ್ಮೆ ಹೋಲ್ಡರ್ ಬಿಚ್ಚಿ ನೋಡಲಿ. ತುಕ್ಕು, ಕಿಲುಬು, ಸರಿಯಾಗಿ ಕೂರದ ಅರ್ಥಿಂಗು. ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮ ಇಳಿಯುವುದಿಲ್ಲ, ದಬದಬ ಬೀಳುತ್ತದೆ. ವೋಲ್ಟೇಜು ನೂರಕ್ಕೆ 10 ಕಮ್ಮಿಯಾದರೆ ಬೆಳಕು ಸುಮಾರು 30 ಕಮ್ಮಿ. ಮರಳು ಕಾಗದದಲ್ಲಿ ಐದು ನಿಮಿಷ ಉಜ್ಜಿದರೆ ಎಷ್ಟೋ ಕಾರಿನ ದೀಪಕ್ಕೆ ಜೀವ ಬರುತ್ತದೆ.

ಎಲ್‌ಇಡಿ ಹಾಕಿಯೇ ತೀರುತ್ತೇನೆ ಅನ್ನುವವರು ದಯವಿಟ್ಟು ಬಿಳಿಯದು ಹಾಕಬೇಡಿ. ಬಿಳಿ ಅಂದರೆ ಜಾಸ್ತಿ ಬೆಳಕು ಅನ್ನುವ ನಂಬಿಕೆ ಬೆಕ್ಕು ಅಡ್ಡ ಬಂದರೆ ಅಪಶಕುನ ಅನ್ನುವಷ್ಟೇ ಗಟ್ಟಿಯಾಗಿ ಕೂತಿದೆ. ಮಾಮೂಲಿ ಬಿಳಿ ಎಲ್‌ಇಡಿ ನಿಜವಾಗಿ ನೀಲಿ ಎಲ್‌ಇಡಿ. ಮೇಲೆ ಹಳದಿ ಬೆಳಕು ಕೊಡುವ ಪುಡಿ ಬಳಿದಿರುತ್ತಾರೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ. ಅದರಲ್ಲಿ ಕೆಂಪು ಕಮ್ಮಿ. ಕಾರಿನ ಕೆಂಪು ಗಾಜು ನೀಲಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೂ ಒಳಗೇ ದಂಡ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ಎಂಜಿನಿಯರ್ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ಅಂದರೆ ಈ ಕಾರಿಗಿಂತ ಅದು ಮೂರು ವರ್ಷ ಹಿರಿಯದು! ಆಗ ಅದು ಮಿಂಚುಹುಳುವಿನ ಹಾಗಿತ್ತು, ಅಷ್ಟೇ.

ಬೆಳಕು ಹೊರಡುವ ಜಾಗವೂ ಮುಖ್ಯ. ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲನ್ನು ಆ ಒಂದು ಎಳೆ ತಂತಿ ಎಲ್ಲಿದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಬೇರೆ ಜಾಗದಿಂದ ಹೊರಟರೆ ನೇರ ಹಿಂದೆ ನಿಂತವರಿಗೆ ಕಣ್ಣು ಕುಕ್ಕಬಹುದು, ಪಕ್ಕದಿಂದ ಬರುವವರಿಗೆ ಸರಿಯಾಗಿ ಕಾಣದೇ ಹೋಗಬಹುದು.

ಎಷ್ಟೋ ಹಳೇ ಕಾರುಗಳಲ್ಲಿ ಇನ್ನೊಂದು ತಮಾಷೆ ಇದೆ. ಟಿಕ್ ಟಿಕ್ ಅನ್ನುವ ಫ್ಲಾಷರ್ ಒಳಗೆ ಬಲ್ಬಿನ ಕರೆಂಟಿನಿಂದ ಬಿಸಿಯಾಗಿ ಬಾಗುವ ಪಟ್ಟಿ ಇರುತ್ತದೆ. ಹಳೇ ಬಲ್ಬು ಒಂದೊಂದೂ ಸುಮಾರು 27 ವ್ಯಾಟ್ ಎಳೆಯುತ್ತದೆ. ಎಲ್‌ಇಡಿ ಎಳೆಯುವ ಚೂರು ಕರೆಂಟಿಗೆ ಪಟ್ಟಿ ಬಿಸಿಯೇ ಆಗದೆ ಇಂಡಿಕೇಟರ್ ಮಿಣುಕದೆ ನಿಂತುಬಿಡುತ್ತದೆ. ಇದಕ್ಕೆ ಕೆಲವರು ಪಕ್ಕದಲ್ಲಿ ರೆಸಿಸ್ಟರ್ ಹಾಕಿ ಆ ಕರೆಂಟನ್ನೆಲ್ಲ ಸುಮ್ನೆ ಬಿಸಿ ಮಾಡಿ ಕಳೆಯುತ್ತಾರೆ. ಉಳಿಸಿದ ದುಡ್ಡನ್ನು ಒಲೆಗೆ ಹಾಕಿದ ಹಾಗೆ. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದರೆ ಮುಗಿಯಿತು.

ದಿನಾ ಹೈವೇಯಲ್ಲಿ ಓಡಿಸುವ ಕಾರಾಗಿದ್ದರೆ ನಾನೂ ಕೆಂಪು ಎಲ್‌ಇಡಿಯನ್ನೇ ಹಾಕಿ ಅನ್ನುತ್ತಿದ್ದೆ. ಅಜ್ಜ ಬೇಸಿಗೆಯ ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾರೆ. ಹಿಮ ಬಿದ್ದು ರಸ್ತೆಗೆ ಉಪ್ಪು ಸುರಿದ ಮೇಲಂತೂ ಕಾರಿಗೆ ಮುಸುಕು. ಹಾಗಾಗಿ ಹಿಂದಿನ ಆರು ಬಲ್ಬುಗಳನ್ನು ಮುಟ್ಟಲಿಲ್ಲ, ಹೋಲ್ಡರ್‌ಗಳನ್ನಷ್ಟೇ ಉಜ್ಜಿದೆವು. 1986ರಿಂದ ಅಮೆರಿಕದ ಹೊಸ ಕಾರುಗಳಿಗೆ ಕಡ್ಡಾಯವಾದ ಮೂರನೇ ಬ್ರೇಕ್ ಲೈಟಿನ ಹಾಗೆ, ಹಿಂದಿನ ಗಾಜಿನ ಒಳಗೆ ಒಂದು ಕೆಂಪು ಎಲ್‌ಇಡಿ ಪಟ್ಟಿ ಕೂರಿಸಿದೆವು. ಬ್ರೇಕ್ ಸ್ವಿಚ್ಚಿನಿಂದ ಅದಕ್ಕೆ ನೇರ ವೈರು. ಅಜ್ಜ ಪೆಡಲ್ ಒತ್ತಿದರು, ನಾನು ಹಿಂದೆ ನಿಂತಿದ್ದೆ. ಗಾಜಿನ ಪಟ್ಟಿ ಪಟ್ ಅಂತ ಹತ್ತಿತು. ಕೆಳಗಿನ ಆರೂ ಅದರ ಹಿಂದೆಯೇ, ಕಣ್ಣಿಗೆ ಗೊತ್ತಾಗುವಷ್ಟು ತಡವಾಗಿ, ಮೆಲ್ಲಗೆ ಕೆಂಪಗಾದವು.