ಸಂಗತಿ ಎಲ್ಲಿ ಮುಗಿಯುತ್ತದೆ, ತೀರ್ಪು ಎಲ್ಲಿ ಶುರುವಾಗುತ್ತದೆ? ಎಡದಂಡೆ ನಾಲೆಯ ಉದಾಹರಣೆಗಳು

ನೆಟ್, ಕೆ-ಸೆಟ್ ಪೇಪರ್ ಒಂದಕ್ಕೆ ಓದುವವರಿಗೆ, ಕೆಎಎಸ್ ಪ್ರಬಂಧಕ್ಕೆ ತಯಾರಾಗುವವರಿಗೆ ಈ ಪಾಠ ತಪ್ಪಿದ್ದಲ್ಲ. ವಾಸ್ತವ ಹೇಳಿಕೆ ಯಾವುದು, ಮೌಲ್ಯನಿರ್ಣಯ ಯಾವುದು ಗುರುತಿಸಬೇಕು. ಗೈಡುಗಳು ಇದನ್ನು ಎರಡು ಸಾಲಲ್ಲಿ ಮುಗಿಸುತ್ತವೆ. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ವಾಸ್ತವ, ‘ಸೂರ್ಯೋದಯ ಸುಂದರ’ ಮೌಲ್ಯ. ಅಷ್ಟು ಸಲೀಸಾದ ವಾಕ್ಯ ಊರಿನ ಮಾತಲ್ಲಿ ಸಿಗುವುದು ಅಪರೂಪ. ಅದಕ್ಕೇ ನಮ್ಮ ರಾಯಚೂರು, ಕೊಪ್ಪಳ ಕಡೆ ದಿನಾ ಕಿವಿಗೆ ಬೀಳುವ ಮಾತುಗಳನ್ನೇ ಇಲ್ಲಿ ಬಿಡಿಸಿ ನೋಡಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ವಾಸ್ತವ ಹೇಳಿಕೆ ಅಂದರೆ ನಿಜವಾದ ಹೇಳಿಕೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ‘ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟ್ ಇವೆ’ ಅನ್ನುವುದು ವಾಸ್ತವ ಹೇಳಿಕೆ. ‘40 ಗೇಟ್ ಇವೆ’ ಅನ್ನುವುದೂ ವಾಸ್ತವ ಹೇಳಿಕೆಯೇ. ಎರಡನೆಯದು ಸುಳ್ಳು, ಅಷ್ಟೇ. ಇಬ್ಬರು ಈ ವಿಷಯಕ್ಕೆ ಜಗಳಕ್ಕೆ ಬಿದ್ದರೆ ಹೋಗಿ ಎಣಿಸಿ ಬರಬಹುದು, ಜಗಳ ಮುಗಿಯುತ್ತದೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ನಿಜವಾ?’ ಅಂತಲ್ಲ. ‘ಈ ಮಾತಿಗೆ ತಕರಾರು ಬಂದರೆ ಏನು ಮಾಡಿದರೆ ಬಗೆಹರಿಯುತ್ತದೆ?’ ಅಂತ. ಎಣಿಸಿ, ಅಳೆದು, ದಾಖಲೆ ತೆಗೆದು, ಕಂಡವರನ್ನು ವಿಚಾರಿಸಿ ಬಗೆಹರಿಯುವಂಥದ್ದಾದರೆ ಅದು ವಾಸ್ತವದ ಕಡೆಗೆ ಸೇರುತ್ತದೆ. ಎಲ್ಲ ಅಳೆದ ಮೇಲೂ ‘ಯಾವುದು ಸರಿ, ಯಾವುದು ಮುಖ್ಯ, ಯಾರಿಗೆ ಮೊದಲು’ ಅನ್ನುವ ಪ್ರಶ್ನೆ ಉಳಿದರೆ ಅದು ಮೌಲ್ಯ. ಈ ಒಂದು ಪ್ರಶ್ನೆ ಕೈಯಲ್ಲಿದ್ದರೆ ಅರ್ಧ ಪಾಠ ಮುಗಿದ ಹಾಗೆ.

ಇದೇ ಪ್ರಶ್ನೆ ಹಾಕಿ ಒಂದು ಸಣ್ಣ ಜೋಡಿ ನೋಡಿ. ‘ನನಗೆ ಒಗ್ಗರಣಿ-ಮಿರ್ಚಿ ಇಷ್ಟ.’ ‘ಬೆಳಗಿನ ತಿಂಡಿಗೆ ಒಗ್ಗರಣಿ-ಮಿರ್ಚಿಯೇ ಶ್ರೇಷ್ಠ.’ ಎರಡೂ ಅಭಿಪ್ರಾಯ ಅಂತ ಒಂದೇ ಗಂಟಿಗೆ ಕಟ್ಟುತ್ತಾರೆ. ಮೊದಲನೆಯದು ನನ್ನ ಬಗ್ಗೆ ಹೇಳಿದ ಸಂಗತಿ. ನಾನು ದಿನಾ ಬೆಳಗ್ಗೆ ಯಾವ ಅಂಗಡಿ ಮುಂದೆ ನಿಲ್ಲುತ್ತೇನೆ ಅಂತ ನೋಡಿದರೆ ಗೊತ್ತಾಗುತ್ತದೆ. ಎರಡನೆಯದು ತಿಂಡಿಯ ಬಗ್ಗೆ ಕೊಟ್ಟ ತೀರ್ಪು. ‘ನನಗೆ ಹೀಗನಿಸುತ್ತದೆ’ ಅಂದ ಮಾತ್ರಕ್ಕೆ ವಾಕ್ಯ ಮೌಲ್ಯನಿರ್ಣಯ ಆಗಲ್ಲ. ‘ಇದು ಎಲ್ಲರಿಗೂ ಗೊತ್ತಿರುವ ಸತ್ಯ’ ಅಂದ ಮಾತ್ರಕ್ಕೆ ಅದು ವಾಸ್ತವವೂ ಆಗಲ್ಲ.

ನಾಲೆಯ ಮೇಲಿನ ಮಾತುಗಳು

ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಲ್ಲಿ ಶುರುವಾಗಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೀರುಣಿಸಿ, ಕೊನೆಗೆ ಮಾನ್ವಿ, ಸಿರವಾರ, ರಾಯಚೂರು ಭಾಗಕ್ಕೆ ಬರುತ್ತದೆ. ಈ ಕೊನೆಯಲ್ಲಿರುವವರನ್ನು ಕೆಳಭಾಗದ ರೈತರು ಅನ್ನುತ್ತೇವೆ. ನೀರು ಬಿಟ್ಟ ದಿನಗಳಲ್ಲಿ ಇಲ್ಲಿ ಎಲ್ಲರ ಬಾಯಲ್ಲೂ ‘ಗೇಜ್’ ಅನ್ನುವ ಮಾತು, ಅಂದರೆ ನಾಲೆಯಲ್ಲಿ ನೀರು ನಿಂತ ಮಟ್ಟ. ಮೂರು ವಾಕ್ಯ ತೆಗೆದುಕೊಳ್ಳೋಣ.

‘ಇವತ್ತು 104ನೇ ಮೈಲಿನಲ್ಲಿ ಗೇಜ್ ನಾಲ್ಕು ಅಡಿ ಇದೆ.’ ಇದಕ್ಕೆ ವಿವರಣೆ ಬೇಡ. ನಾಲೆಯ ಗೋಡೆ ಮೇಲೆ ಅಳತೆಯ ಗುರುತು ಇರುತ್ತದೆ, ನೋಡಿ ಹೇಳಬಹುದು.

‘ಮೇಲ್ಭಾಗದಲ್ಲಿ ಅಕ್ರಮವಾಗಿ ನೀರು ಎತ್ತುತ್ತಿದ್ದಾರೆ.’ ಇದು ಸಿಟ್ಟಿನ ಮಾತಿನ ಹಾಗೆ ಕೇಳಿಸುತ್ತದೆ. ಹಾಗಾಗಿ ಬಹಳ ಜನ ಇದನ್ನು ಮೌಲ್ಯಕ್ಕೆ ಹಾಕಿಬಿಡುತ್ತಾರೆ. ಆದರೆ ಅಕ್ರಮ ಅಂದರೆ ಕಾನೂನಿಗೆ ವಿರುದ್ಧ. ಆ ಜಮೀನು ಅಚ್ಚುಕಟ್ಟಿನಲ್ಲಿ, ಅಂದರೆ ನಾಲೆ ನೀರಿಗೆ ಗೊತ್ತುಮಾಡಿದ ಪ್ರದೇಶದಲ್ಲಿ ಇದೆಯಾ, ಪಂಪ್‌ಸೆಟ್ ಇಡಲು ಪರವಾನಗಿ ಇದೆಯಾ ಅಂತ ದಾಖಲೆ ನೋಡಿ ಹೇಳಬಹುದು. ಇದರ ಬಹುಪಾಲು ವಾಸ್ತವವೇ. ದನಿ ಬಿಸಿಯಾಗಿದ್ದರೆ ಮೌಲ್ಯ, ತಣ್ಣಗಿದ್ದರೆ ವಾಸ್ತವ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.

‘ನಮಗೆ ಅನ್ಯಾಯ ಆಗುತ್ತಿದೆ.’ ಇದು ಮೌಲ್ಯ. ಅಕ್ರಮಕ್ಕೂ ಅನ್ಯಾಯಕ್ಕೂ ಇರುವ ಈ ದೂರ ಗಮನಿಸಿ. ಕಾನೂನಿನ ಪ್ರಕಾರವೇ ನಡೆದ ಹಂಚಿಕೆಯೂ ಅನ್ಯಾಯ ಆಗಿರಬಹುದು. ಕಾನೂನು ಮುರಿದವನ ಬಳಿಯೂ ಒಂದು ನ್ಯಾಯ ಇರಬಹುದು.

ಈಗ ಇವು ವಾದದಲ್ಲಿ ಹೇಗೆ ಸೇರುತ್ತವೆ ನೋಡೋಣ. ಕೆಳಭಾಗದ ರೈತ ಹೀಗೆ ಹೇಳುತ್ತಾನೆ: ‘ಈ ನಾಲೆ ಮಾಡಿದ್ದು ಹೆಚ್ಚಿನ ಕಡೆ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದವರು ಭತ್ತ ಹಾಕಿದ್ದಾರೆ. ಆದ್ದರಿಂದ ನಮಗೆ ಅನ್ಯಾಯ ಆಗಿದೆ.’ ಮೊದಲ ಎರಡು ವಾಕ್ಯ ವಾಸ್ತವ, ಮೂರನೆಯದು ಮೌಲ್ಯ. ಈ ‘ಆದ್ದರಿಂದ’ ಬಂದದ್ದು ಎಲ್ಲಿಂದ? ಹೇಳದೆ ಬಿಟ್ಟ ಒಂದು ಮೆಟ್ಟಿಲು ನಡುವೆ ಇದೆ: ‘ಒಂದು ಯೋಜನೆಯಲ್ಲಿ ಎಲ್ಲರಿಗೂ ಪಾಲು ಗೊತ್ತುಮಾಡಿದ ಮೇಲೆ, ಇನ್ನೊಬ್ಬರ ಪಾಲು ಕರಗುವಷ್ಟು ನೀರನ್ನು ಯಾರೂ ಬಳಸಬಾರದು.’ ಇದೂ ಮೌಲ್ಯವೇ. ಇದನ್ನು ಸೇರಿಸಿದ ಮೇಲೆ ವಾದ ಪೂರ್ತಿ ಆಗುತ್ತದೆ.

ಮೇಲ್ಭಾಗದ ರೈತನ ಉತ್ತರವೂ ಕೇಳಬೇಕು. ‘ನಮ್ಮಪ್ಪನ ಕಾಲದಿಂದ ಭತ್ತವೇ ಹಾಕುತ್ತಿದ್ದೇವೆ. ಹೊಲ ಸವಳು-ಜವಳಾಗಿದೆ. ಜೋಳ, ಹತ್ತಿ ಬರಲ್ಲ. ನಮ್ಮ ಭತ್ತಕ್ಕೆ ಕೈ ಹಾಕಬೇಡಿ.’ ಇಲ್ಲೂ ಎರಡು ಬಗೆಯ ಮಾತು ಬೆರೆತಿವೆ. ಆ ಹೊಲ ಎಷ್ಟು ಸವಳಾಗಿದೆ, ಬೇರೆ ಯಾವ ಬೆಳೆ ಬರಬಹುದು ಅನ್ನುವುದಕ್ಕೆ ಮಣ್ಣು ಪರೀಕ್ಷೆ ಇದೆ, ಕೃಷಿ ವಿಜ್ಞಾನಿಗಳಿದ್ದಾರೆ. ಅದು ವಾಸ್ತವ. ‘ಬಹಳ ಕಾಲದಿಂದ ಬಳಸಿಕೊಂಡು ಬಂದದ್ದಕ್ಕೆ ಒಂದು ಹಕ್ಕು ಹುಟ್ಟುತ್ತದೆ’ ಅನ್ನುವುದು ಹೇಳದೆ ಉಳಿದ ಮೌಲ್ಯ. ಹೀಗೆ ಬಿಡಿಸಿದಾಗ ಇಬ್ಬರ ನಿಜವಾದ ಜಗಳ ಗೇಜಿನ ಬಗ್ಗೆ ಅಲ್ಲ ಅಂತ ಕಾಣುತ್ತದೆ. ಗೊತ್ತುಮಾಡಿದ ಪಾಲು ದೊಡ್ಡದಾ, ರೂಢಿಯಲ್ಲಿ ಬಂದ ಬಳಕೆ ದೊಡ್ಡದಾ ಅನ್ನುವುದು ಅವರ ಜಗಳ. ಇಂಥ ಜಗಳಕ್ಕೆ ಇನ್ನಷ್ಟು ಅಂಕಿ ತಂದು ಸುರಿದರೆ ಪ್ರಯೋಜನ ಇಲ್ಲ. ಕೂತು ಮಾತಾಡಬೇಕು, ಕಾರಣ ಕೊಡಬೇಕು.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739-40ರಲ್ಲಿ ಬರೆದದ್ದು ಇದೇ ಮೆಟ್ಟಿಲಿನ ಬಗ್ಗೆ. ನೀತಿಯ ಬಗ್ಗೆ ಬರೆಯುವವರು ‘ಇದೆ, ಇಲ್ಲ’ ಅಂತ ಶುರುಮಾಡಿ, ಸದ್ದಿಲ್ಲದೆ ‘ಇರಬೇಕು, ಇರಬಾರದು’ ಕಡೆಗೆ ದಾಟಿಬಿಡುತ್ತಾರೆ, ಆ ದಾಟುವಿಕೆಗೆ ಕಾರಣ ಕೊಡಬೇಕು ಅಂದ. ಪರೀಕ್ಷೆಯಲ್ಲಿ ‘ಇದೆ-ಇರಬೇಕು ಸಮಸ್ಯೆ’ ಅಂತ ಬಂದರೆ ಹ್ಯೂಮ್ ಹೆಸರು ಬರೆಯಿರಿ. ಆದರೆ ಅವನು ಮೌಲ್ಯದ ಮಾತೇ ಆಡಬಾರದು ಅಂದ ಅಂತ ಬರೆಯಬೇಡಿ. ಹೇಳದ ಮೆಟ್ಟಿಲನ್ನು ಹೇಳಿ ಅನ್ನುವುದು ಅವನಿಂದ ನಮಗೆ ಸಿಗುವ ಪಾಠ.

‘ಒಳ್ಳೆ ಹತ್ತಿ’ ಮತ್ತು ‘ಹಿಂದುಳಿದ ತಾಲೂಕು’

ಒಳ್ಳೆಯದು, ಕೆಟ್ಟದ್ದು ಅನ್ನುವ ಪದ ಬಂತು ಅಂದ ತಕ್ಷಣ ಮೌಲ್ಯ ಅಂತ ಟಿಕ್ ಹಾಕಬೇಡಿ. ಹತ್ತಿ ಖರೀದಿಯಲ್ಲಿ ‘ಇದು ಒಳ್ಳೆ ಹತ್ತಿ’ ಅಂದರೆ ಏನು? ಎಳೆ ಎಷ್ಟು ಉದ್ದ, ಕಸ ಎಷ್ಟು, ತೇವಾಂಶ ಎಷ್ಟು ಅಂತ. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವಾಂಶ ಶೇ 12 ದಾಟಿದರೆ ತೆಗೆದುಕೊಳ್ಳುವುದಿಲ್ಲ. ಮಾನದಂಡ ಒಮ್ಮೆ ನಿಂತ ಮೇಲೆ ಈ ಹತ್ತಿ ಅದನ್ನು ಮುಟ್ಟುತ್ತದೋ ಇಲ್ಲವೋ ಅನ್ನುವುದು ಮೀಟರ್ ಇಟ್ಟು ನೋಡುವ ಸಂಗತಿ. ಆದರೆ ಗೆರೆ 12ಕ್ಕೇ ಇರಬೇಕಾ, ಮಳೆ ಬಿದ್ದ ವರ್ಷ ಸ್ವಲ್ಪ ಸಡಿಲ ಮಾಡಬೇಕಾ ಅಂತ ಕೇಳಿದರೆ ಮತ್ತೆ ಮೌಲ್ಯಕ್ಕೆ ಬಂದೆವು. ಮಾನದಂಡದ ಒಳಗೆ ಅಳೆಯುವುದು ವಾಸ್ತವ. ಮಾನದಂಡ ಆರಿಸುವುದು ಮೌಲ್ಯ. ನನ್ನ ಪ್ರಕಾರ ಈ ಪಾಠದಲ್ಲಿ ಜಾಸ್ತಿ ಕೆಲಸಕ್ಕೆ ಬರುವ ಮಾತು ಇದೇ.

ಇನ್ನು ‘ಹಿಂದುಳಿದ’. ನಮ್ಮ ಭಾಗದವರು ಈ ಪದ ಕೇಳಿ ಕೇಳಿ ಬೆಳೆದಿದ್ದೇವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಗಿದ್ದ 175 ತಾಲೂಕುಗಳ ಪೈಕಿ 114 ಹಿಂದುಳಿದವು ಅಂತ ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ ತಾಲೂಕುಗಳು. ಇದಕ್ಕಾಗಿ ಸಮಿತಿ ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ಬ್ಯಾಂಕು ಇಂಥ ವಿಷಯಗಳಲ್ಲಿ 35 ಸೂಚಕಗಳನ್ನು ಬಳಸಿತ್ತು. ಆ ಸೂಚ್ಯಂಕದಲ್ಲಿ ಒಂದು ತಾಲೂಕು ಎಲ್ಲಿದೆ ಅನ್ನುವುದು ವಾಸ್ತವ. ಯಾವ ಸೂಚಕ ಬೇಕು, ಯಾವುದಕ್ಕೆ ಎಷ್ಟು ತೂಕ ಅನ್ನುವುದರಲ್ಲಿ ಮೌಲ್ಯ ಇದೆ. ಹಾಗಂತ ಅದು ಸುಮ್ನೆ ಮನಸ್ಸಿಗೆ ಬಂದದ್ದಲ್ಲ, ಕಾರಣ ಕೊಟ್ಟು ಆರಿಸಿದ್ದು.

ಅದೇ ಪದವನ್ನು ಯಾರೋ ‘ನೀವು ಹಿಂದುಳಿದ ಕಡೆಯವರಲ್ವಾ’ ಅಂತ ಬಳಸಿದಾಗ ಅಲ್ಲಿ ಸೂಚ್ಯಂಕ ಇಲ್ಲ. ಊರಿನ ರಸ್ತೆ, ಶಾಲೆ, ಆಸ್ಪತ್ರೆಯ ಬಗ್ಗೆ ಮಾಡಿದ ಅಳತೆಯನ್ನು ಜನರ ಯೋಗ್ಯತೆಯ ಮೇಲೆ ತಿರುಗಿಸಿದ್ದಾರೆ. ಇದನ್ನು ಅಲ್ಲೇ ತಡೆದು ‘ನೀವು ಹೇಳುತ್ತಿರುವುದು ಅಳತೆಯೋ ತೀರ್ಪೋ’ ಅಂತ ಕೇಳುವುದು ನಮಗೆಲ್ಲ ಬರಬೇಕು. ನಿರ್ಲಕ್ಷ್ಯ, ಕ್ರೂರ, ಧೈರ್ಯ ಇವೂ ಇದೇ ಜಾತಿಯ ಪದಗಳು. ಒಂದೇ ಪದದಲ್ಲಿ ವರ್ಣನೆಯೂ ಇದೆ, ತೀರ್ಪೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಇದು ಸಂಗತಿ. ‘ನಿರ್ಲಕ್ಷ್ಯದಿಂದ ಹೀಗಾಯಿತು’ ಅನ್ನುವಾಗ ತಪಾಸಣೆ ನಡೆದಿತ್ತಾ ಅನ್ನುವ ವಾಸ್ತವದ ಪ್ರಶ್ನೆಯೂ, ಎಷ್ಟು ತಪಾಸಣೆ ನಡೆಯಬೇಕಿತ್ತು ಅನ್ನುವ ಮೌಲ್ಯದ ಪ್ರಶ್ನೆಯೂ ಒಟ್ಟಿಗೆ ಇವೆ. ದಾರ್ಶನಿಕರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಹಿಲರಿ ಪಟ್ನಮ್ ಇಂಥ ಪದಗಳ ಬಗ್ಗೆ ಬರೆದಿದ್ದಾರೆ. ಪಟ್ನಮ್ ಅಂತೂ ವಾಸ್ತವ-ಮೌಲ್ಯದ ನಡುವೆ ಗೋಡೆ ಕಟ್ಟಲು ಆಗುವುದೇ ಇಲ್ಲ ಅಂದವರು. ಗೋಡೆ ಇಲ್ಲದಿದ್ದರೂ ವ್ಯತ್ಯಾಸ ಉಳಿಯುತ್ತದೆ. ನಮಗೆ ಅಷ್ಟು ಸಾಕು.

ಸಣ್ಣ ಪದಗಳನ್ನೂ ಬಿಡಬೇಡಿ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ್ದು ಶೇ 75.36. ಇಷ್ಟೇ ಹೇಳಿದರೆ ವಾಸ್ತವ. ‘ಬರೀ 59’ ಅಂದರೆ ಒಂದು ತೀರ್ಪು ಒಳಗೆ ಬಂತು. ‘ಈಗಾಗಲೇ 59’ ಅಂದರೆ ಬೇರೆ ತೀರ್ಪು. ಬಹು ಆಯ್ಕೆ ಪ್ರಶ್ನೆಗಳಲ್ಲಿ ಇಂಥ ‘ಬರೀ’, ‘ಕೇವಲ’, ‘ಬರೋಬ್ಬರಿ’ಗಳ ಮೇಲೆ ಕಣ್ಣಿಡಿ.

ನಮಗೆ ಒಪ್ಪಿಗೆಯಾದದ್ದು

2018ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಅಲ್ಲಿನ ವಯಸ್ಕರಿಗೆ ಐದು ವಾಸ್ತವ ಹೇಳಿಕೆ, ಐದು ಅಭಿಪ್ರಾಯದ ಹೇಳಿಕೆ ಕೊಟ್ಟು ಬೇರೆ ಮಾಡಿ ಅಂತ ಕೇಳಿತು. ಐದೂ ವಾಸ್ತವವನ್ನು ಸರಿಯಾಗಿ ಗುರುತಿಸಿದವರು ಶೇ 26, ಐದೂ ಅಭಿಪ್ರಾಯವನ್ನು ಗುರುತಿಸಿದವರು ಶೇ 35. ತಮ್ಮ ಪಕ್ಷಕ್ಕೆ ಅನುಕೂಲವಾದ ಮಾತನ್ನು ವಾಸ್ತವ ಅನ್ನುವ ಒಲವು ಎರಡೂ ಪಕ್ಷದವರಲ್ಲಿ ಕಂಡಿತು. ಇದು ನಮಗೂ ಎಚ್ಚರಿಕೆ. ನಾವು ಬಹಳ ಪ್ರೀತಿಸುವ ಬೇಡಿಕೆಯ ಮೇಲೇ ಈ ಪಾಠವನ್ನು ಪ್ರಯೋಗಿಸಿ ನೋಡಬೇಕು.

ನನ್ನ ಮಟ್ಟಿಗೆ ಅಂಥ ಬೇಡಿಕೆ ಏಮ್ಸ್. ರಾಯಚೂರಿಗೆ ಏಮ್ಸ್ ಬರಬೇಕು ಅಂತ 2022ರ ಮೇ ತಿಂಗಳಲ್ಲಿ ಇಲ್ಲಿ ಧರಣಿ ಶುರುವಾಯಿತು. ನಾನೂ ಆ ಬೇಡಿಕೆಯ ಪರ. ವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಐಐಟಿ ಧಾರವಾಡಕ್ಕೆ ಹೋಯಿತು, ನಮ್ಮ ಜಿಲ್ಲೆ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ (ಅಂದರೆ ಅಭಿವೃದ್ಧಿಯಲ್ಲಿ ಹಿಂದೆ ಬಿದ್ದ ಜಿಲ್ಲೆಗಳ) ಪಟ್ಟಿಯಲ್ಲಿದೆ, ಸಾಕ್ಷರತೆ ಕಡಿಮೆ, ಆದ್ದರಿಂದ ಏಮ್ಸ್ ನಮಗೇ. ಎಲ್ಲವೂ ನಿಜವಾದ ಸಂಗತಿಗಳು. ಆದರೂ ಇವಿಷ್ಟರಿಂದ ‘ನಮಗೇ’ ಅನ್ನುವುದು ಹುಟ್ಟಲ್ಲ. ಎದುರಿನವರು ಇದೇ ಅಂಕಿಗಳನ್ನು ಒಪ್ಪಿಕೊಂಡು, ‘ದೊಡ್ಡ ಆಸ್ಪತ್ರೆ ತಜ್ಞ ವೈದ್ಯರು ಸುಲಭವಾಗಿ ಬಂದು ನೆಲೆಸುವ ಊರಿನಲ್ಲಿ ಇರಬೇಕು’ ಅನ್ನಬಹುದು. ಅವರೂ ಒಂದು ಮೌಲ್ಯದ ಮೇಲೆ ನಿಂತಿದ್ದಾರೆ, ಅಲ್ವಾ? ನಾವು ನಮ್ಮದನ್ನು ಬಾಯಿಬಿಟ್ಟು ಹೇಳಬೇಕು: ‘ಸಾರ್ವಜನಿಕ ಹಣದಲ್ಲಿ ಕಟ್ಟುವ ಆಸ್ಪತ್ರೆ, ಚಿಕಿತ್ಸೆ ದೂರ ಇರುವ ಜನರ ಹತ್ತಿರ ಮೊದಲು ಬರಬೇಕು.’ ಇದನ್ನು ಹೇಳಿದರೆ ವಾದ ದುರ್ಬಲ ಆಗುತ್ತದೆ ಅಂತ ಕೆಲವರಿಗೆ ಅಳುಕು. ನನಗೆ ಹಾಗನಿಸುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದೂ ಹಿಂದೆ ಬಿದ್ದ ಭಾಗಕ್ಕೆ ಹೆಚ್ಚಿನ ಗಮನ ಕೊಡಬೇಕು ಅನ್ನುವ ಮೌಲ್ಯದಿಂದಲೇ. ಮೌಲ್ಯ ಅಂದರೆ ‘ಅವರವರ ಅಭಿಪ್ರಾಯ, ಬಿಟ್ಟುಬಿಡಿ’ ಅನ್ನುವಂಥದ್ದಲ್ಲ. ಕಾರಣ ಕೊಟ್ಟು ನಿಲ್ಲಿಸಬಹುದು, ಕಾರಣ ಕೇಳಿ ಅಲುಗಾಡಿಸಬಹುದು.

ಅಭ್ಯಾಸಕ್ಕೆ ಬಳ್ಳಾರಿ ಕಡೆಯದೊಂದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಒಬ್ಬರು ಹೇಳುತ್ತಾರೆ: ‘ಗಣಿ ನಿಂತು ಲಾರಿ ಚಾಲಕರು, ಕೂಲಿಗಳು ಕೆಲಸ ಕಳೆದುಕೊಂಡರು. ಹಾಗಾಗಿ ಆ ಆದೇಶ ತಪ್ಪು.’ ನೀವೇ ಬಿಡಿಸಿ ನೋಡಿ. ಹೇಳದೆ ಬಿಟ್ಟ ಮೆಟ್ಟಿಲು ‘ಕೆಲಸ ಹೋಗುವಂಥ ಆದೇಶ ಯಾವಾಗಲೂ ತಪ್ಪು’ ಅಂತಾಗುತ್ತದೆ. ಅದನ್ನು ಜೋರಾಗಿ ಓದಿದರೆ ಹೇಳಿದವರೇ ಹಿಂಜರಿಯಬಹುದು, ಯಾಕಂದರೆ ಅಕ್ರಮ ಗಣಿಯಲ್ಲೂ ಕೆಲಸ ಇರುತ್ತದೆ. ಆಗ ಅವರು ತಿದ್ದಿಕೊಂಡು, ‘ಕೂಲಿಗಳಿಗೆ ಬೇರೆ ದಾರಿ ಮಾಡದೆ ಗಣಿ ನಿಲ್ಲಿಸಬಾರದಿತ್ತು’ ಅನ್ನುತ್ತಾರೆ ಅಂದುಕೊಳ್ಳಿ. ಇದು ಹೆಚ್ಚು ಗಟ್ಟಿಯಾದ ಮೌಲ್ಯದ ಮಾತು. ಇದರಿಂದ ಹೊಸದೊಂದು ವಾಸ್ತವದ ಪ್ರಶ್ನೆಯೂ ಏಳುತ್ತದೆ: ಆಗ ಆ ಕೂಲಿಗಳಿಗೆ ಏನೇನು ಮಾಡಲಾಯಿತು? ಇದಕ್ಕೆ ಉತ್ತರವನ್ನು ದಾಖಲೆಗಳಲ್ಲಿ, ಸಂಡೂರಿನ ಊರುಗಳಲ್ಲಿ ಹುಡುಕಬೇಕು.