ಕೆಂಪು ಎಣ್ಣೆ ಮತ್ತು ಕಾಗೆ ಕೂತ ಕೊಂಬೆ

“ಮುಟ್ಟಬೇಡಿ ಸಾರ್, ಹಳೇ ಆಯಿಲ್ ತೆಗೆದ್ರೆ ಗೇರ್‌ಬಾಕ್ಸ್ ಕೂತ್ಕೊಳ್ಳುತ್ತೆ.” ಒಂದು ಲಕ್ಷ ಕಿಲೋಮೀಟರ್ ಓಡಿದ ಆಟೊಮ್ಯಾಟಿಕ್ ಕಾರನ್ನು ತುಮಕೂರಿನ ಗ್ಯಾರೇಜಿಗೆ ಒಯ್ದ ನಮ್ಮ ಸೋದರಮಾವನಿಗೆ ಸಿಕ್ಕ ಉತ್ತರ ಇದು. ಹಳೇ ಎಣ್ಣೆಯಲ್ಲಿ ಕ್ಲಚ್ಚಿನ ಪುಡಿ ಇರುತ್ತದಂತೆ, ಆ ಪುಡಿಯೇ ಕ್ಲಚ್ಚನ್ನು ಹಿಡಿದು ನಿಲ್ಲಿಸಿರುತ್ತದಂತೆ. ಈ ಮಾತನ್ನು ಕೋಲಾರದಲ್ಲೂ ಕೇಳಿದ್ದೇನೆ, ಚಿಕ್ಕಬಳ್ಳಾಪುರದಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇದು ಅದೇ. ಗೇರ್ ಜಾರತೊಡಗಿದ ಮೇಲಷ್ಟೇ ಜನರಿಗೆ ಎಣ್ಣೆಯ ನೆನಪಾಗುತ್ತದೆ. ಆ ಹೊತ್ತಿಗೆ ಕ್ಲಚ್ ತಟ್ಟೆಗಳು ಸುಟ್ಟಿರುತ್ತವೆ. ಎಣ್ಣೆ ಬದಲಿಸಿದ ಮರುವಾರ ಗೇರ್‌ಬಾಕ್ಸ್ ನಿಂತರೆ ತಪ್ಪು ಹೊಸ ಎಣ್ಣೆಯ ತಲೆಗೆ ಬೀಳುತ್ತದೆ. ಕೊಂಬೆ ಮೊದಲೇ ಒಣಗಿತ್ತು ಎಂದು ಯಾರೂ ನೋಡುವುದಿಲ್ಲ.

ಎಂಜಿನ್ ಆಯಿಲಿನ ಮುಖ್ಯ ಕೆಲಸ ಜಾರಿಸುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಈ ಕೆಂಪು ಎಣ್ಣೆಗೆ ಜಾರಿಸುವುದೂ ಗೊತ್ತಿರಬೇಕು, ಹಿಡಿಯುವುದೂ ಗೊತ್ತಿರಬೇಕು. ನನ್ನನ್ನು ಬೆರಗುಗೊಳಿಸುವುದು ಇದೇ. ಬಾವಿಗೆ ಕೊಡ ಇಳಿಸುವವರ ಕೈ ನೆನಪಿಸಿಕೊಳ್ಳಿ. ಹಗ್ಗ ಪೂರ್ತಿ ಜಾರಿದರೆ ಕೊಡ ಹೋಯಿತು. ಒಮ್ಮೆಲೇ ಬಿಗಿಹಿಡಿದರೆ ಅಂಗೈ ಕಿತ್ತುಬರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳೂ ಒಂದಿಷ್ಟು ಜಾರುತ್ತ ಹದವಾಗಿ ಬಿಗಿಯಾಗಬೇಕು. ಹದ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆಯಿರಿ. ಅದು ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ, ಕಿರ್ರೆನ್ನುತ್ತದೆ. ತುಕ್ಕು ಹಿಡಿದ ಬಾಗಿಲಿನ ಕಿರಕಿರಿಯೂ ಅದೇ ಅಂಟು-ಜಾರು ಆಟ. ಎಣ್ಣೆ ಹಳತಾದ ಕಾರು ಗೇರ್ ಬದಲಾಗುವಾಗ ಗಡಗಡ ನಡುಗುವುದಕ್ಕೂ ಬಹಳ ಸಲ ಇದೇ ಕಾರಣ. ಈ ಹದ ಕಾಯುವ ರಾಸಾಯನಿಕಗಳನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಶಾಖಕ್ಕೆ ಅವು ಸವೆಯುತ್ತವೆ. ಕ್ಲಚ್ಚಿನ ಪುಡಿ ಆ ಜಾಗ ತುಂಬಲಾರದು.

ಒಂದು ಕಾಲದಲ್ಲಿ ಈ ಹದ ಬಂದದ್ದು ಸಮುದ್ರದಿಂದ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 1940ರ ಮಾದರಿಯೊಂದಿಗೆ ಹೈಡ್ರಾ-ಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು. ದ್ರವದ ಮೂಲಕ ಶಕ್ತಿ ದಾಟಿಸುವ ಅದರ ಉಪಾಯ ಇನ್ನೂ ಹಳೆಯದು: ಹಡಗಿನ ಟರ್ಬೈನನ್ನು ಪ್ರೊಪೆಲ್ಲರಿಗೆ ಜೋಡಿಸಲು ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು. ಮುಂದೆ ದಶಕಗಳ ಕಾಲ ಗೇರ್‌ಬಾಕ್ಸ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕಾರಿನ ಗೇರ್ ಮೆತ್ತಗೆ ಬೀಳಲೆಂದು ತಿಮಿಂಗಿಲಗಳು ಸತ್ತವು! 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು.

ಮಾವ ಆ ಕಾರಿನಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುತ್ತಾರೆ. ನೆಲಮಂಗಲದ ಬಳಿ ಸಂಜೆ ತೆವಳುವ ಸಾಲಿನಲ್ಲಿ, ಭಾನುವಾರ ನಂದಿಬೆಟ್ಟದ ತಿರುವುಗಳಲ್ಲಿ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಆ ಎಣ್ಣೆಯನ್ನು ಕಡೆಯುತ್ತಲೇ ಇರುತ್ತದೆ. ಕಡೆದ ಶ್ರಮವೆಲ್ಲ ಶಾಖವಾಗುತ್ತದೆ. “ಈ ಎಣ್ಣೆ ಕಾರಿನ ಆಯುಷ್ಯಕ್ಕೆಲ್ಲ ಸಾಕು” ಎನ್ನುವವರಿಗೆ ಒಂದು ಮಾತು: ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನವಕ್ಕೆ 80,000ದಿಂದ 1,20,000 ಕಿಲೋಮೀಟರಿಗೆ ಎಣ್ಣೆ ಬದಲಿಸಿ ಎನ್ನುತ್ತದೆ.

ಬದಲಿಸುವುದು ಎರಡು ಬಗೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆಯಲ್ಲಿರುವುದಷ್ಟೇ ಇಳಿಯುತ್ತದೆ; ಕನ್ವರ್ಟರಿನಲ್ಲಿ, ಎಣ್ಣೆ ತಣಿಸುವ ಕೂಲರಿನಲ್ಲಿ ಇರುವುದು ಹಾಗೇ ಉಳಿಯುತ್ತದೆ. ಒಟ್ಟು 7 ಲೀಟರಿನಲ್ಲಿ 3 ಲೀಟರ್ ಇಳಿಯಿತೆನ್ನಿ. ತುಂಬಿಸಿ, ಕಾರು ಓಡಿಸಿ ಬೆರೆಸಿ, ಮತ್ತೆ ಇಳಿಸಿ. ಮೊದಲ ಸಲಕ್ಕೆ ಹಳೆಯದು ಶೇ 57 ಉಳಿಯುತ್ತದೆ, ಎರಡನೆಯದಕ್ಕೆ ಶೇ 33, ಮೂರನೆಯದಕ್ಕೆ ಶೇ 19. ಉಪ್ಪಾದ ಸಾರಿನಿಂದ ಸೌಟು ಸೌಟು ತೆಗೆದು ನೀರು ಸೇರಿಸಿದ ಹಾಗೆ: ಉಪ್ಪು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಫ್ಲಶ್ ಯಂತ್ರವಾದರೆ ಕೂಲರಿನ ಪೈಪಿಗೆ ಜೋಡಿಸಿಕೊಂಡು ಹಳೆಯದನ್ನು ಹೊರದೂಡುತ್ತ ಹೊಸದನ್ನು ತುಂಬುತ್ತದೆ. ಬಹುಪಾಲು ಒಂದೇ ಸಲಕ್ಕೆ ಬದಲಾಗುತ್ತದೆ.

ಗ್ಯಾರೇಜಿನವರ ಭಯದಲ್ಲಿ ಸತ್ಯದ ಎಳೆ ಇರುವುದು ಇಲ್ಲಿ. ವರ್ಷಗಟ್ಟಲೆ ಮುಟ್ಟದ ಗೇರ್‌ಬಾಕ್ಸಿಗೆ ಒತ್ತಡ ಹಾಕಿ, ತೊಳೆಯುವ ರಾಸಾಯನಿಕ ಸುರಿದರೆ, ತಳದ ಗಸಿ ಎದ್ದು ಗೇರ್ ಬದಲಿಸಲು ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ಕಾಲುವೆಗಳಿಗೆ ಸಿಕ್ಕಿಕೊಳ್ಳಬಹುದು. ಎಚ್‌ಎಂಟಿ ಗಡಿಯಾರ ಮಾಡಿದ ಊರಿನವರಿಗೆ ಒಂದು ಕಣ ಕಸ ಏನು ಮಾಡಬಲ್ಲದೆಂದು ಬೇರೆ ಹೇಳಬೇಕಿಲ್ಲ. ಅಂಥ ಕಾರಿಗೆ ತಟ್ಟೆ ಬಿಚ್ಚಿ, ಫಿಲ್ಟರ್ ಬದಲಿಸಿ, ಸ್ವಲ್ಪ ಸ್ವಲ್ಪವಾಗಿ ಇಳಿಸುವುದೇ ಕ್ಷೇಮ. ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಸಿವಿಟಿಗೆ, ಅಂದರೆ ಹಲ್ಲುಗಾಲಿಗಳ ಬದಲು ಬೆಲ್ಟಿನಿಂದ ನಡೆಯುವ ಗೇರ್‌ಬಾಕ್ಸಿಗೆ, ಬೇರೆಯೇ ಎಣ್ಣೆ. ಎಎಂಟಿ ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ಮಾಮೂಲಿ ಗೇರ್‌ಬಾಕ್ಸ್. ಈ ಕೆಂಪು ಎಣ್ಣೆಯ ಲೆಕ್ಕ ಅದಕ್ಕಿಲ್ಲ. ಎಣ್ಣೆ ಬಿಸಿಗೆ ಹಿಗ್ಗುವುದರಿಂದ ಮಟ್ಟವನ್ನೂ ಕೈಪಿಡಿ ಹೇಳಿದ ಶಾಖದಲ್ಲೇ ನೋಡಬೇಕು.

ಮಾವನ ಕಾರಿನ ಗೇರ್ ಇನ್ನೂ ಜಾರುತ್ತಿರಲಿಲ್ಲ. ಬೇರೆ ಗ್ಯಾರೇಜಿನಲ್ಲಿ ತಟ್ಟೆ ಬಿಚ್ಚಿಸಿದೆವು. ಒಳಗಿನ ಅಯಸ್ಕಾಂತಕ್ಕೆ ವಿಭೂತಿಯಷ್ಟು ನಯವಾದ ಬೂದು ಪುಡಿ ಮೆತ್ತಿತ್ತು. ಲೋಹದ ಚೂರು ಒಂದೂ ಇರಲಿಲ್ಲ. ಮೊದಲ ಸಲ ಇಳಿದದ್ದು ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ. ಮೂರನೇ ಸಲಕ್ಕೆ ಟ್ರೇನಲ್ಲಿ ಕೆಂಪು ಕಾಣಿಸಿತು.